ಬಾಯಿ ಮುಚ್ಚದ ಫೋಟೋ

ಕೊಂಡ್ಲಹಳ್ಳಿ
೨೩ ನವೆಂಬರ್ ೨೦೨೫, ಭಾನುವಾರ

ಪವಿತ್ರಾ,

ನಿನ್ನ ಹೊಟ್ಟೆಯಲ್ಲಿರುವ ಕೂಸಿಗೆ ನನ್ನ ಆಶೀರ್ವಾದ. ನಿನಗೆ ಕೊಡುವುದೋ ಬೇಡವೋ ಎಂದು ಇನ್ನೂ ಯೋಚನೆ ಮಾಡುತ್ತಿದ್ದೇನೆ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡ. ಫೋನಿನಲ್ಲಿ ನಾನು ಮಾತಾಡಿದರೆ ನೀನು "ಏನವ್ವ, ಕೇಳಿಸ್ತಿಲ್ಲ, ನೆಟ್‌ವರ್ಕ್ ಸರಿ ಇಲ್ಲ" ಅನ್ನುತ್ತೀಯ. ನೆಟ್‌ವರ್ಕ್ ಚೆನ್ನಾಗಿಯೇ ಇದೆ. ಸರಿ ಇಲ್ಲದಿರುವುದು ನನ್ನ ದವಡೆ. ಎರಡು ತುಟಿ ಕೂಡದೆ ಪ, ಬ, ಮ ಹೊರಡುವುದಿಲ್ಲ. ನಿನ್ನ ಹೆಸರೇ ನನ್ನ ಬಾಯಲ್ಲಿ 'ಅವಿತ್ರ' ಆಗಿಬಿಟ್ಟಿದೆ. ಕೈಗೆ ಮಾತ್ರ ಏನೂ ಆಗಿಲ್ಲ. ಇಪ್ಪತ್ತೆರಡು ವರ್ಷ ಅಂಗನವಾಡಿಯ ರಿಜಿಸ್ಟರುಗಳನ್ನು ತುಂಬಿದ ಕೈ ಇದು. ವಾಟ್ಸಾಪಿನಲ್ಲಿ ಬರೆದರೆ ನೀನು ಎರಡು ಸಾಲು ಓದಿ, ಕೈ ಮುಗಿಯುವ ಚಿತ್ರ ಒತ್ತಿ, ಕೆಲಸ ಮುಗಿಯಿತು ಎನ್ನುತ್ತೀಯ. ಅದಕ್ಕೇ ಕಾಗದ. ನಿನ್ನ ಜೊತೆ ಪಿಯುಸಿ ಓದಿದ ಚಳ್ಳಕೆರೆಯ ತೇಜಶ್ರೀ, ಈಗ ಅಲ್ಲೇ ಶಾರ್ಜಾದಲ್ಲಿ ನರ್ಸ್ ಆಗಿದ್ದಾಳಲ್ಲ, ರಜೆ ಮುಗಿಸಿ ವಾಪಸ್ಸು ಹೊರಟಿದ್ದಾಳೆ. ಇದನ್ನು ಅವಳ ಕೈಗೇ ಕೊಡುತ್ತಿದ್ದೇನೆ. ನೀನು ಪೂರ್ತಿ ಓದುವವರೆಗೂ ಎದುರಿಗೇ ಕೂತಿರು ಎಂದು ಹೇಳಿದ್ದೇನೆ. ಅವಳು ಮಾತಿಗೆ ತಪ್ಪುವವಳಲ್ಲ.

ಆಗಸ್ಟಿನಲ್ಲಿ ನೀನು ಕಳಿಸಿದ ಸಂದೇಶ ನನ್ನ ಫೋನಿನಲ್ಲಿ ಇನ್ನೂ ಇದೆ. ಮರೆತಿದ್ದರೆ ಇಲ್ಲಿ ನಕಲು ಮಾಡುತ್ತೇನೆ. "ಅವ್ವ, ನಿನ್ನ ಪಾಸ್‌ಪೋರ್ಟ್‌ನಾಗೆ ಹಳೇ ಮುಖ ಐತೆ. ಈಗಿನ ಮುಖ ಮ್ಯಾಚ್ ಆಗಲ್ಲ, ಏರ್‌ಪೋರ್ಟ್‌ನಾಗೆ ಹಿಡ್ಕಂತಾರೆ. ಹೊಸಾದು ಮಾಡ್ಸೋದು ಭಾಳ ತೊಂದ್ರೆ. ನಿನ್ನ ಮೈಗೂ ಆಗಲ್ಲ. ಬಾಣಂತನಕ್ಕೆ ನೀನ್ ಬ್ಯಾಡ, ಅತ್ತೆ ಬರ್ತಾರೆ. ಇವ್ರಿಗೂ ಫ್ರೆಂಡ್ಸ್ ಮುಂದೆ ಒಂಥರಾ ಆಗುತ್ತೆ."

ಎಷ್ಟು ಅಚ್ಚುಕಟ್ಟು! ಸರ್ಕಾರದ ಮೇಲೆ ಒಂದಿಷ್ಟು, ನನ್ನ ಮೈಯ ಮೇಲೆ ಒಂದಿಷ್ಟು, ಗಂಡನ ಮೇಲೆ ಒಂದಿಷ್ಟು ಹೊರಿಸಿ ನೀನು ಮಾತ್ರ ಬರಿಗೈಯಲ್ಲಿ ನಿಂತಿದ್ದೆ. ಇಂಥ ವರದಿ ಬರೆಯಲು ನಮ್ಮ ಮೇಲ್ವಿಚಾರಕಿಗೂ ಬರುವುದಿಲ್ಲ. ಮೈಗೆ ಆಗುವುದಿಲ್ಲವಂತೆ! ಆ ಸಂದೇಶ ಬಂದ ವಾರವೇ ನಾನು ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ ಇಳಿದಿದ್ದೆ. ನನ್ನ ಜೊತೆ ಬಂದ ಎರಡೂ ಕಡೆ ದವಡೆ ಇರುವ ಹೆಂಗಸರು ಅರ್ಧಕ್ಕೇ ಕೂತು ಮಂಡಕ್ಕಿ ತಿನ್ನುತ್ತಿದ್ದರು.

ಇನ್ನು ನಿಮ್ಮತ್ತೆ ಕಮಲಾಕ್ಷಮ್ಮ. ಮೂರು ಹೆತ್ತು ಮೂರನ್ನೂ ಅವರಮ್ಮನ ಮಡಿಲಿಗೆ ಹಾಕಿ ಧಾರಾವಾಹಿ ನೋಡಿದವರು. ಎಳೆಗೂಸಿಗೆ ಎಣ್ಣೆ ನೀರು ಹಾಕುವುದು ಆಕೆಗೆ ಗೊತ್ತಿದ್ದರೆ ನನ್ನ ಉಳಿದ ಅರ್ಧ ದವಡೆಯನ್ನೂ ಬಿಚ್ಚಿ ಕೊಡುತ್ತೇನೆ. ಆದರೆ ಆಕೆಯ ಮುಖ ದುಂಡಗಿದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ನಿನಗೆ ಬೇಕಾಗಿದ್ದು ಅದು.

ನನಗೆ ಸಿಟ್ಟು ಬಂದಿದ್ದು ಆ ಸಂದೇಶಕ್ಕಲ್ಲ. ಅದಕ್ಕೂ ಮೊದಲು, ಮೇ ತಿಂಗಳಲ್ಲಿ ತಾಯಂದಿರ ದಿನ ಎಂದು ನೀನು ಸ್ಟೇಟಸ್ಸಿಗೆ ಹಾಕಿದ ಫೋಟೋಕ್ಕೆ. ನಿನ್ನ ಮದುವೆಯಲ್ಲಿ ತೆಗೆದದ್ದು, ಹಸಿರು ರೇಷ್ಮೆ ಸೀರೆ, ತುಂಬಿದ ಕೆನ್ನೆ. ಕೆಳಗೆ 'ನನ್ನ ಅವ್ವ, ನನ್ನ ಪ್ರಪಂಚ'. ಆ ಹೆಂಗಸು ಯಾರು ಪವಿತ್ರಾ? ಅವಳು ಹೋಗಿ ಒಂದು ವರ್ಷದ ಮೇಲಾಗಿತ್ತು. ಹೋದ ವರ್ಷ ಯುಗಾದಿ ಕಳೆದ ಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಎಡ ದವಡೆ ತೆಗೆದು, ಎದೆಯ ಮಾಂಸ ಕೊಯ್ದು ಕೆನ್ನೆಗೆ ಹೊಲಿದರಲ್ಲ, ಆಗ ಹೋದಳು. ನೀನೂ ಬಂದಿದ್ದೆ, ಇಲ್ಲ ಎನ್ನುವುದಿಲ್ಲ. ಹನ್ನೆರಡು ದಿನ ಇದ್ದೆ. ಬ್ಯಾಂಡೇಜ್ ಬಿಚ್ಚಿದ ದಿನ ಕಿಟಕಿಯ ಕಡೆ ತಿರುಗಿಕೊಂಡು ಫೋನ್ ನೋಡುತ್ತಿದ್ದೆ. ಫೋನಿನ ಪರದೆ ಕಪ್ಪಗಿತ್ತು. ನಾನು ಮಲಗಿದ್ದಲ್ಲಿಂದ ಅದು ಕಾಣುತ್ತಿತ್ತು.

ಕಾಯಿಲೆ ನನ್ನ ಸ್ವಂತ ಸಂಪಾದನೆ. ಇಪ್ಪತ್ತು ವರ್ಷ ಎಲೆಯಡಿಕೆ ಜೊತೆ ಹೊಗೆಸೊಪ್ಪು ಅರೆದವಳು ನಾನೇ. ಬಸುರಿಯರನ್ನು ಕೂರಿಸಿಕೊಂಡು ಹೊಗೆಸೊಪ್ಪು ಹಾಕಬೇಡಿ ಎಂದು ಪಾಠ ಮಾಡಿ, ಅವರು ಆ ಕಡೆ ಹೋದ ಮೇಲೆ ಕೆನ್ನೆಯೊಳಗೆ ಒತ್ತಿಕೊಳ್ಳುತ್ತಿದ್ದವಳು. ನನ್ನಂಥ ಮೂರ್ಖಳಿಗೆ ಅಷ್ಟಾದರೂ ಶಿಕ್ಷೆ ಬೇಕಿತ್ತು. ಆದರೆ ಶಿಕ್ಷೆಯನ್ನು ಮುಚ್ಚಿಟ್ಟುಕೊಂಡು ತಿರುಗಬೇಕು ಎಂದು ಯಾರೂ ಹೇಳಲಿಲ್ಲ, ನಿನ್ನ ಹೊರತು.

ಸರಿ, ಪಾಸ್‌ಪೋರ್ಟಿನ ವಿಷಯಕ್ಕೆ ಬರುತ್ತೇನೆ. ಭಾಳ ತೊಂದ್ರೆ ಎಂದೆಯಲ್ಲ, ಎಷ್ಟು ತೊಂದರೆ ಎಂದು ಕೇಳು.

ನಿನ್ನ ಮದುವೆಯ ಸಮಯದಲ್ಲಿ ಮಾಡಿಸಿದ ಹಳೆಯ ಪುಸ್ತಕ ತೆಗೆದುಕೊಂಡು ಚಳ್ಳಕೆರೆಗೆ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರ ಪಾಲಾಕ್ಷ ಎನ್ನುವವನ ಕಂಪ್ಯೂಟರ್ ಅಂಗಡಿ ಇದೆ, ಫೋಟೋನೂ ತೆಗೆಯುತ್ತಾನೆ. ಪುಸ್ತಕ ನೋಡಿದ, ನನ್ನನ್ನು ನೋಡಿದ. "ಇದು ನಿಮ್ದಾ ಅಕ್ಕಾ, ನಿಮ್ ತಂಗೀದಾ?" ಎಂದ. ನನ್ನದೇ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅರ್ಜಿ ತುಂಬುತ್ತಾ, "ಯಾಕ್ ಬದಲಾಯಿಸ್ತೀರಿ ಅಂತ ಕೇಳ್ತೈತೆ. ಏನ್ ಹಾಕ್ಲಿ? ಹೆಸರು ತಪ್ಪಾ, ವಿಳಾಸ ಬದಲಾ, ಕಳ್ದೋಗೈತಾ?" ಎಂದ. 'ಮುಖ ಕಳೆದಿದೆ' ಎಂದು ಬರೆದೆ. ನಕ್ಕ. ಆಮೇಲೆ ತಲೆ ಎತ್ತಿ ನೋಡಿ ನಗು ನುಂಗಿಕೊಂಡ. "ರೂಪ ಬದಲಾವಣೆ ಅಂತ ಒಂದೈತೆ ಅಕ್ಕಾ, ಅದ್ನೇ ಹಾಕ್ತೀನಿ" ಎಂದ. ಸರ್ಕಾರಕ್ಕೆ ಗೊತ್ತಿದೆ ಪವಿತ್ರಾ, ಮನುಷ್ಯರ ರೂಪ ಬದಲಾಗುತ್ತದೆ ಎಂದು. ಅದಕ್ಕೊಂದು ಜಾಗವನ್ನೇ ಬಿಟ್ಟಿದ್ದಾರೆ.

ಆಧಾರಿನಲ್ಲೂ ಹಳೆಯ ಮುಖವೇ ಇತ್ತು. ಮೊದಲು ಅದನ್ನು ಸರಿ ಮಾಡಿಸಿ ಎಂದು ಪಾಲಾಕ್ಷ ಹೇಳಿದ. ಮೊಳಕಾಲ್ಮೂರಿಗೆ ಎರಡು ಸಲ ಹೋದೆ. ಮೊದಲ ದಿನ ಕರೆಂಟಿರಲಿಲ್ಲ. ಎರಡನೇ ದಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಸೀರೆ ಅಂಗಡಿಯ ಹೆಂಗಸು ನನ್ನನ್ನು ನೋಡಿ, ತನ್ನ ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದಳು. ಮಗು ಬೆರಳ ಸಂದಿಯಿಂದ ನೋಡಿ ನಕ್ಕಿತು. ಅಂಗನವಾಡಿಯಲ್ಲೂ ಅಷ್ಟೇ. ಮಕ್ಕಳು ಮೂರು ದಿನ ನೋಡಿದವು, ನಾಲ್ಕನೇ ದಿನ ಉಪ್ಪಿಟ್ಟಿನ ತಟ್ಟೆ ನೋಡಿದವು. ದೊಡ್ಡವರಿಗೇ ರೋಗ.

ಹೊಸ ಆಧಾರ್ ತೋರಿಸಲು ಇನ್ನೊಮ್ಮೆ ಚಳ್ಳಕೆರೆಗೆ ಹೋದಾಗ ಪಾಲಾಕ್ಷ ತಾನಾಗಿಯೇ ನನ್ನ ಒಂದು ಫೋಟೋ ತೆಗೆದು, ಬಲು ಖುಷಿಯಿಂದ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. "ನೋಡ್ರಿ ಅಕ್ಕಾ, ನಿಮ್ ಬಲಗಡಿ ಕೆನ್ನೆನೇ ತಿರುವಿ ಎಡಗಡಿಗೆ ಹಾಕೀನಿ. ಈಗ ಹೆಂಗೈತೆ? ದುಡ್ಡೇನ್ ಬ್ಯಾಡ ಬಿಡ್ರಿ" ಎಂದ. ಎರಡು ಕಡೆ ಸಮ ಕೆನ್ನೆ, ಮೂಗಿನ ಎರಡೂ ಕಡೆ ಮೂಗುಬೊಟ್ಟು! ಅವನ ಬುದ್ಧಿಗಿಷ್ಟು. ಉಪಕಾರ ಮಾಡುತ್ತೇನೆಂದು ಬರುವವರಷ್ಟು ಅವಮಾನ ಮಾಡುವವರು ಬೇರೆ ಯಾರೂ ಇಲ್ಲ. ಆದರೂ ಒಂದು ಮಾತು ಬರೆದುಬಿಡುತ್ತೇನೆ. ಆ ಚಿತ್ರವನ್ನು ನಾನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಆ ಮುಖ ನಿನ್ನ ಹಾಗಿತ್ತು. ಆಮೇಲೆ 'ಅಳಿಸು' ಎಂದು ಚೀಟಿಯಲ್ಲಿ ಬರೆದು ಅವನ ಮುಂದೆ ಇಟ್ಟೆ.

ದಾವಣಗೆರೆಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ದಿನ ಕೊಟ್ಟರು. ಫೋಟೋ ಅಲ್ಲೇ ತೆಗೆಯುತ್ತಾರೆ, ಬಾಯಿ ಮುಚ್ಚಿರಬೇಕು ಎಂದು ಪಾಲಾಕ್ಷ ಮೊದಲೇ ಹೇಳಿದ್ದ. ನನ್ನ ಬಾಯಿ ಎಡಗಡೆ ಒಂದು ಬೆರಳಿನಷ್ಟು ತೆರೆದೇ ಇರುತ್ತದೆ, ನಿನಗೆ ಗೊತ್ತು. ಗೊತ್ತಿಲ್ಲದಿದ್ದರೂ ಇರಬಹುದು, ನೀನು ನೋಡಿಲ್ಲವಲ್ಲ. ಒಂದು ವಾರ ಕನ್ನಡಿ ಮುಂದೆ ಕೂತು ಅಭ್ಯಾಸ ಮಾಡಿದೆ. ಕೆಳತುಟಿಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ, ಬೆರಳು ತೆಗೆದು, ಎಣಿಸುವುದು. ಒಂದು, ಎರಡು ಎನ್ನುವುದರೊಳಗೆ ಜಾರುತ್ತಿತ್ತು. ನಲವತ್ತೊಂಬತ್ತು ವರ್ಷದ ಹೆಂಗಸು ಕನ್ನಡಿ ಮುಂದೆ ಕೂತು ಬಾಯಿ ಮುಚ್ಚುವುದನ್ನು ಕಲಿಯುತ್ತಿದ್ದಳು. ಅದೂ ಯಾರ ಮನೆಗೆ ಹೋಗಲು? ಬರಬೇಡ ಎಂದವಳ ಮನೆಗೆ.

ಕ್ಯಾಮೆರಾ ಮುಂದೆ ಕೂರಿಸಿದ ಹುಡುಗ "ಬಾಯಿ ಮುಚ್ಚಿ ಮೇಡಂ" ಎಂದ. ಮುಚ್ಚಿದೆ, ಜಾರಿತು. "ಸ್ವಲ್ಪ ಮುಚ್ಚಿ ಮೇಡಂ" ಎಂದ. ಮತ್ತೆ ಜಾರಿತು. ಮೂರನೇ ಸಲಕ್ಕೆ ಎಂಜಲು ಸೀರೆಯ ಮೇಲೆ ಬಿತ್ತು. ಹಿಂದೆ ಕೂತಿದ್ದವರೆಲ್ಲ ತಮ್ಮ ತಮ್ಮ ಕಾಗದಗಳನ್ನು ತಿರುವಿ ಹಾಕತೊಡಗಿದರು. ನಾನು ಎದ್ದುಬಿಡುತ್ತಿದ್ದೆ. ನಿಜ ಹೇಳುತ್ತೇನೆ, ಸೆರಗು ಕೈಯಲ್ಲಿ ಹಿಡಿದು ಅರ್ಧ ಎದ್ದಿದ್ದೆ. ಒಳಗಿನಿಂದ ಅಧಿಕಾರಿ ಬಂದಳು, ಹೆಣ್ಣುಮಗಳು, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಆಸ್ಪತ್ರೆಯ ಕಾಗದ ಓದಿದಳು. ನನ್ನ ಮುಖವನ್ನು ನೆಟ್ಟಗೆ ನೋಡಿದಳು, ಹಳೆಯ ಫೋಟೋ ನೋಡಿದಳು, ಮತ್ತೆ ನನ್ನ ಮುಖ. ಆ ಹುಡುಗನಿಗೆ, "ಇವ್ರ ಬಾಯಿ ಇರೋದೇ ಹಿಂಗಲ್ವಾ? ಇರೋ ಹಂಗೇ ತೆಗೀರಿ" ಎಂದಳು. ನನಗೆ, "ಕಣ್ಣು ಮಾತ್ರ ಅಲ್ಲಾಡಿಸಬೇಡಿ ಅಮ್ಮ" ಎಂದಳು. ಪಾಪ ಎನ್ನಲಿಲ್ಲ. ಅಯ್ಯೋ ಎನ್ನಲಿಲ್ಲ. ಒಂದೂವರೆ ವರ್ಷದಲ್ಲಿ ನನ್ನನ್ನು ನೋಡಿ ಪಾಪ ಎನ್ನದ ದೊಡ್ಡವರಲ್ಲಿ ಆಕೆಯೇ ಮೊದಲನೆಯವಳು. ಅವಳ ಹೆಸರು ಕೇಳಿಕೊಂಡು ಬರಬೇಕಿತ್ತು.

ಆಮೇಲೆ ಪೊಲೀಸ್ ವಿಚಾರಣೆ. ಪೇದೆ ಮನೆಗೆ ಬಂದ. ಇವರು ಇವರೇ ಎಂದು ಇಬ್ಬರು ಹೇಳಬೇಕು ಎಂದ. ನಿಮ್ಮ ದೊಡ್ಡಪ್ಪ ಕೆಂಚಣ್ಣನನ್ನು ಕರೆಸಿದೆ. ಗಂಡನ ಅಣ್ಣ, ನಿಮ್ಮಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಮನೆಯ ಯಜಮಾನ ತಾನೇ ಎಂದು ಮೀಸೆ ತಿರುವಿಕೊಂಡು ಓಡಾಡುವವನು. ಪೊಲೀಸ್ ಕಾಗದ ಕಂಡದ್ದೇ ಅವನ ನಾಲಿಗೆ ಒಣಗಿತು. ನನ್ನನ್ನು ನೋಡಿದ, ನೆಲ ನೋಡಿದ. "ನಮ್ ತಮ್ಮನ ಹೆಂಡ್ತಿನೇ ಇರಬೌದು ಸಾರ್" ಎಂದ. ಇರಬಹುದಂತೆ! ಹಬ್ಬ ಹುಣ್ಣಿಮೆಗೆಲ್ಲ ನನ್ನ ಕೈಯ ಹೋಳಿಗೆ ತಿಂದು ಹೊಟ್ಟೆ ಬೆಳೆಸಿದ ಮನುಷ್ಯ!

ಪಕ್ಕದ ಮನೆ ದುರುಗಕ್ಕ ಜಗಲಿ ಮೇಲೆ ಶೇಂಗಾ ಸುಲಿಯುತ್ತಿದ್ದವಳು ಮೊರ ಕೆಳಗಿಟ್ಟು ಬಂದಳು. "ಏಮಯ್ಯಾ ಕೆಂಚಣ್ಣ, ಇರಬೌದು ಅಂದ್ರೇನೋ? ನಿನ್ನ ಮುಖ ದಿನಾ ನೋಡಿ ನಾವ್ ಸೈಸ್ಕಂಡಿಲ್ವಾ?" ಎಂದು ಅವನನ್ನು ಅತ್ತ ಸರಿಸಿ, ಪೇದೆಗೆ, "ಬರ್ಕಳಿ ಸಾಮಿ. ಈಕಿ ಗೀತಮ್ಮನೇ. ದವಡೆ ಹೋದ್ರೂ ಬಯ್ಯಾದು ಬಿಟ್ಟಿಲ್ಲ, ಇದಕ್ಕಿಂತ ಗುರುತು ಬೇಕಾ?" ಎಂದಳು. ಪೇದೆ ನಗುತ್ತಾ ಬರೆದುಕೊಂಡ. ದುರುಗಕ್ಕನ ಹೆಬ್ಬೆಟ್ಟು, ಕೆಂಚಣ್ಣನ ರುಜು. ಅವನ ರುಜುಗಿಂತ ಅವಳ ಹೆಬ್ಬೆಟ್ಟು ನೆಟ್ಟಗಿತ್ತು.

ಅಕ್ಟೋಬರ್ ಕೊನೆಯಲ್ಲಿ ಅಂಚೆಯವನು ಹೊಸ ಪುಸ್ತಕ ತಂದ. ತೆರೆದು ನೋಡಿದೆ. ಚೆನ್ನಾಗಿಲ್ಲ. ಎಡಗಡೆ ಕೆನ್ನೆ ಒಳಕ್ಕೆ ಹೋಗಿ, ಬಾಯಿ ಸೊಟ್ಟಗೆ ತೆರೆದುಕೊಂಡು, ಯಾರನ್ನೋ ಬಯ್ಯಲು ಹೊರಟ ಹಾಗಿದೆ. ಅಂದರೆ ನನ್ನ ಹಾಗೇ ಇದೆ.

ಅವತ್ತೇ ನಿನ್ನ ಗಂಡನಿಗೆ ಸಂದೇಶ ಬರೆದೆ, ನಿನಗಲ್ಲ. 'ತಿಪ್ಪೇರುದ್ರ, ನಿನ್ನ ಸ್ನೇಹಿತರ ಮುಂದೆ ನನ್ನ ಮುಖದಿಂದ ನಿನಗೆ ನಾಚಿಕೆಯಂತೆ. ಹೆಂಡತಿಯ ಕೈಯಲ್ಲಿ ಹೇಳಿಸುವುದು ಬೇಡ, ನೀನೇ ಹೇಳು' ಎಂದು. ಎರಡು ನಿಮಿಷಕ್ಕೆ ಫೋನ್ ಬಂತು. "ಅತ್ತೆ, ನಾನ್ ಯಾವಾಗ ಹಂಗಂದೀನಿ? ನೀವೇ ಬರಲ್ಲ ಅಂದ್ರಿ ಅಂತ ಅವಳು ಹೇಳಿದ್ಲು. ನಂಗೆ ಬೇಜಾರಾಗಿ ಸುಮ್ಕಾದೆ" ಎಂದ. ಅರ್ಧ ಗಂಟೆ ಮಾತಾಡಿದೆವು. ನನ್ನ ಮಾತು ಅರ್ಥವಾಗದಾಗೆಲ್ಲ "ಇನ್ನೊಂದ್ಸಲ ಹೇಳ್ರಿ ಅತ್ತೆ" ಎನ್ನುತ್ತಿದ್ದ. ಅಷ್ಟೇ. ಇನ್ನೊಂದು ಸಲ ಹೇಳಿದೆ.

ಈ ಏಸಿ ರಿಪೇರಿಯವನು ದಡ್ಡ ಎಂದು ನಾಲ್ಕು ವರ್ಷ ಅಂದುಕೊಂಡಿದ್ದೆ. ಈಗಲೂ ಮಹಾ ಬುದ್ಧಿವಂತ ಎಂದು ಹೇಳುವುದಿಲ್ಲ, ನಿನ್ನ ಮಾತನ್ನೆಲ್ಲ ನಂಬುತ್ತಾನಲ್ಲ. ಆದರೆ ಹತ್ತು ದಿನದಲ್ಲಿ ವೀಸಾ ಮಾಡಿಸಿ ಕಳಿಸಿದ, ಟಿಕೆಟ್ಟೂ ಕಳಿಸಿದ. "ಅವಳಿಗೆ ನೀವೇ ಹೇಳ್ರಿ ಅತ್ತೆ, ನಾನ್ ಹೇಳಿದ್ರೆ ಜಗಳ ಆಗುತ್ತೆ, ಈಗ ಜಗಳ ಒಳ್ಳೇದಲ್ಲ" ಎಂದ. ಅದಕ್ಕೆ ಹೇಳುತ್ತಿದ್ದೇನೆ. ಇದನ್ನು ಇಟ್ಟುಕೊಂಡು ಅವನ ಮೇಲೆ ಹಾರಾಡಬೇಡ. ಸುಳ್ಳು ಹೇಳಿದವಳು ನೀನು.

ಡಿಸೆಂಬರ್ ಇಪ್ಪತ್ತೆಂಟು, ಭಾನುವಾರ ಬೆಳಗ್ಗೆ ಬಂದಿಳಿಯುತ್ತೇನೆ. ವಿಮಾನ ನಿಲ್ದಾಣಕ್ಕೆ ಆ ಹೊಟ್ಟೆ ಹೊತ್ತುಕೊಂಡು ನೀನು ಬರುವುದು ಬೇಡ, ಗಂಡ ಬರಲಿ. ಮನೆಯ ಬಾಗಿಲು ಮಾತ್ರ ನೀನೇ ತೆಗೆಯಬೇಕು. ಬಾಣಂತಿ ಖಾರದ ಪುಡಿ, ಹುರಿದ ಶೇಂಗಾ, ನಿಮ್ಮಪ್ಪನ ಹಳೆಯ ಪಂಚೆ ಹರಿದು ಹೊಲಿದ ಲಂಗೋಟಿಗಳು, ನಾಲ್ಕು ಕುಲಾವಿ ತರುತ್ತೇನೆ. ಮಾಸ್ಕ್ ಹಾಕ್ಕೊಂಡು ಬಾ ಎನ್ನಬೇಡ. ನಿನ್ನ ಸ್ನೇಹಿತರು ಬಂದಾಗ ನಾನು ಒಳಗಿನ ಕೋಣೆಗೆ ಹೋಗುವುದಿಲ್ಲ. 'ಇವರು ನಮ್ಮ ಅವ್ವ' ಎಂದು ನೀನು ಹೇಳಬೇಕು. ಆ ಮಾತಿನಲ್ಲಿ ಎರಡು ಮ ಇವೆ, ನನಗೆ ಆಗುವುದಿಲ್ಲ, ನಿನಗೆ ಆಗುತ್ತದೆ.

ಕಮಲಾಕ್ಷಮ್ಮ ಬರುವುದಾದರೆ ಬರಲಿ. ಫೋಟೋ ತೆಗೆಸಿಕೊಳ್ಳಲು ಒಬ್ಬರು ಬೇಕಲ್ಲ.

ಬೆನ್ನು ನೋವಿದ್ದರೆ ಎಡಮಗ್ಗುಲಾಗಿ ಮಲಗು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡ. ಹೊಟ್ಟೆಯಲ್ಲಿರುವುದು ಒದೆಯುತ್ತಿದ್ದರೆ ಒದೆಯಲಿ, ನಿನಗೆ ಅದು ಬೇಕೇ ಬೇಕು.

ಇಂತಿ,
ಹೊಸ ಪಾಸ್‌ಪೋರ್ಟಿನಲ್ಲಿರುವವಳು,
ನಿನ್ನ ಅವ್ವ
ಗೀತಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ನಿನ್ನನ್ನು ಇಷ್ಟು ಬೈದ ಮೇಲೆ ಇದನ್ನು ಬರೆಯದಿದ್ದರೆ ನಾನೂ ನಿಮ್ಮ ದೊಡ್ಡಪ್ಪನ ಜಾತಿಗೇ ಸೇರುತ್ತೇನೆ.

ನನ್ನ ಅವ್ವ ಸೂರಮ್ಮನ ನೆನಪು ನಿನಗೆ ಅಷ್ಟಾಗಿ ಇರಲಾರದು. ಅವಳ ಕುತ್ತಿಗೆಯಲ್ಲಿ ತೆಂಗಿನಕಾಯಿ ಹೋಳಿನಷ್ಟು ಗಡ್ಡೆ ಇತ್ತು, ಮಾತಾಡಿದರೆ ಅಲ್ಲಾಡುತ್ತಿತ್ತು. ನೀನು ಹುಟ್ಟಿದ್ದು ಅವಳ ಮನೆಯಲ್ಲಿ. ಮೊದಲ ದಿನದಿಂದ ನಿನಗೆ ಎಣ್ಣೆ ನೀರು ಹಾಕಿದ್ದು ಅವಳ ಕೈ. ತೊಟ್ಟಿಲಿಗೆ ಹಾಕುವ ದಿನ ನಿಮ್ಮಪ್ಪನ ಕಡೆಯವರು ಎರಡು ಗಾಡಿ ಜನ ಬರುವವರಿದ್ದರು. ಅವರಲ್ಲಿ ಕೆಲವರು ಅವಳನ್ನು ನೋಡಿರಲಿಲ್ಲ. ಬೆಳಗ್ಗೆ ನಾನು ಅವಳಿಗೆ, "ಅವ್ವ, ಶೇಂಗಾ ಹೊಲಕ್ಕೆ ಹಂದಿ ಬೀಳ್ತಾವಂತೆ, ನೀನ್ ಹೋಗಿ ಕಾಯ್ತೀಯಾ?" ಎಂದೆ. ಹಗಲು ಹೊತ್ತಿನಲ್ಲಿ ಯಾವ ಹಂದಿ? ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೊಸ ಸೀರೆ ಬಿಚ್ಚಿಟ್ಟು, ಹಳೆಯದನ್ನು ಉಟ್ಟು, ಎರಡು ರೊಟ್ಟಿ ಕಟ್ಟಿಕೊಂಡು ಹೋದಳು. ತನ್ನದೇ ಮನೆಯಿಂದ ಹೋದಳು.

ಸಂಜೆ ಎಲ್ಲರೂ ಹೊರಟ ಮೇಲೆ ಬಂದಳು. ಕೈಕಾಲು ತೊಳೆದುಕೊಂಡು, ತೊಟ್ಟಿಲ ಹತ್ತಿರ ಬಂದು, "ಕೂಸಿಗೆ ಏನ್ ಹೆಸರಿಟ್ರೇ?" ಎಂದು ನನ್ನನ್ನು ಕೇಳಿದಳು. ನಾನು ಹೇಳಿದೆ. ಚೆನ್ನಾಗೈತೆ ಎಂದಳು. ಸಾಯುವವರೆಗೂ ಆ ದಿನದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಇದನ್ನು ಒಬ್ಬರಿಗೆ ಹೇಳುತ್ತಿರುವುದು ಇದೇ ಮೊದಲು.

ನಿನಗೆ ಈ ಬುದ್ಧಿ ಎಲ್ಲಿಂದ ಬಂತು ಎಂದು ಬೇರೆಯವರನ್ನು ಕೇಳುವ ಹಾಗಿಲ್ಲ. ಆದರೆ ಅವಳು ಒಳ್ಳೆಯವಳು, ಹೊಲಕ್ಕೆ ಹೋದಳು. ನಾನು ಅಷ್ಟು ಒಳ್ಳೆಯವಳಲ್ಲ. ಕೂಸಿಗೆ ಹೆಸರಿಡುವಾಗ ನಾನು ತೊಟ್ಟಿಲ ಪಕ್ಕದಲ್ಲೇ ಇರುತ್ತೇನೆ.